ಭಾಷೆಗೆ ಗಿರಾಕಿ ತಂದ ಹಾಡುಗಾರ

ಕೀನ್ಯಾದ ಸಾಹಿತಿ ಗೂಗಿ ವಾ ಥಿಯಾಂಗೊ 2025ರ ಮೇ 28ರಂದು ತೀರಿಕೊಂಡಾಗ ಕನ್ನಡ ಪತ್ರಿಕೆಗಳೂ ಅವರನ್ನು ನೆನೆದವು. ಇಂಗ್ಲಿಷ್ ಬಿಟ್ಟು ತಾಯ್ನುಡಿ ಕಿಕುಯುವಿಗೆ ಮರಳಿದ್ದು, ಜೈಲಿನಲ್ಲಿ ಟಾಯ್ಲೆಟ್ ಕಾಗದದ ಮೇಲೆ ಕಾದಂಬರಿ ಬರೆದದ್ದು: ಈ ಎರಡು ಸಂಗತಿ ಬಿಟ್ಟ ಲೇಖನ ನನ್ನ ಕಣ್ಣಿಗೆ ಬೀಳಲಿಲ್ಲ. ಬರೆದದ್ದೆಲ್ಲ ಸರಿಯೇ. ನನ್ನ ತಕರಾರು ಬಿಟ್ಟುಹೋದದ್ದರ ಬಗ್ಗೆ. ಗೂಗಿ ಕಿಕುಯುವಿನಲ್ಲಿ ಬರೆಯಲು ಕೂತದ್ದು 1970ರ ದಶಕದ ಕೊನೆಯ ವರ್ಷಗಳಲ್ಲಿ. ಆ ಹೊತ್ತಿಗಾಗಲೇ ಆ ಭಾಷೆಯಲ್ಲಿ ಹೊಸದೇನಾದರೂ ಬಂದರೆ ಜೇಬಿಗೆ ಕೈಹಾಕಿ ಕಾಸು ತೆಗೆಯುವ ಜನ ಸಾವಿರಗಟ್ಟಲೆ ಇದ್ದರು. ಅವರನ್ನು ತಯಾರು ಮಾಡಿದವರು ಗಿಟಾರ್ ಹಿಡಿದ ಕೆಲವು ಹಾಡುಗಾರರು. ಅವರಲ್ಲಿ ಮುಂಚೂಣಿಯ ಹೆಸರು ಜೋಸೆಫ್ ಕಮಾರು.

ಭಾಷೆ ಉಳಿಯಬೇಕು ಎನ್ನುವ ಚರ್ಚೆ ನಮ್ಮಲ್ಲಿ ಶುರುವಾದರೆ ಶಾಲೆ, ಸರ್ಕಾರ, ಸಾಹಿತಿ ಎಂಬ ಮೂರು ಕಂಬಗಳ ಸುತ್ತಲೇ ಸುತ್ತುತ್ತದೆ. ಆ ಭಾಷೆಯಲ್ಲಿ ಸರಕು ಮಾಡಿ, ಅಂಗಡಿ ತೆರೆದು, ಗಲ್ಲಾಪೆಟ್ಟಿಗೆಯ ಮುಂದೆ ಕೂತವರ ಹೆಸರು ಬರುವುದೇ ಇಲ್ಲ. ಕಮಾರು ಹಾಡುಗಾರರಷ್ಟೇ ಆಗಿರಲಿಲ್ಲ, ಅಂಗಡಿಕಾರರೂ ಆಗಿದ್ದರು. ಅವರ ಧೈರ್ಯದ ಅರ್ಧ ಗುಟ್ಟು ಆ ಅಂಗಡಿಯಲ್ಲಿತ್ತು ಎಂಬುದು ನನ್ನ ವಾದ.

ನಾನು ಸಂಗೀತ ಬಲ್ಲವನಲ್ಲ, ಲೆಕ್ಕ ಬರೆಯುವವನು. ಕುಂದಾಪುರದ ಕಡೆಯಿಂದ ಮುಂಬೈಗೆ, ಅಲ್ಲಿಂದ ಗುಜರಾತಿ ಸಗಟು ವ್ಯಾಪಾರಿಯೊಬ್ಬರ ಕಚೇರಿಗೆಂದು ನೈರೋಬಿಗೆ ಹೋದದ್ದು 1982ರ ಕೊನೆಯಲ್ಲಿ. ಊರಲ್ಲಿ ಗೋಕಾಕ್ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಅತ್ತ ನೈರೋಬಿಯಲ್ಲಿ ಆಗಸ್ಟ್ 1ರಂದು ವಾಯುಪಡೆಯ ಕೆಲವರು ನಡೆಸಿದ ದಂಗೆ ವಿಫಲವಾಗಿತ್ತು. ಆ ಗದ್ದಲದಲ್ಲಿ ಭಾರತೀಯರ ಅಂಗಡಿಗಳು ಲೂಟಿಯಾಗಿದ್ದವು. ಹಾಗಾಗಿ ನಮ್ಮವರು ಕತ್ತಲಾಗುವ ಮೊದಲೇ ಷಟರ್ ಎಳೆದು ಮನೆ ಸೇರುತ್ತಿದ್ದರು. ರಿವರ್ ರೋಡ್ ಕಡೆ ಕೆಲಸವಿಲ್ಲದೆ ಯಾರೂ ಕಾಲಿಡುತ್ತಿರಲಿಲ್ಲ. ನನಗೆ ಕೆಲಸವಿತ್ತು, ವಸೂಲಿ ಕೆಲಸ.

ರಿವರ್ ರೋಡ್ ಎಂದರೆ ನೈರೋಬಿಯ ಬಡವರ ಪೇಟೆ. ಮೇಲ್ನಾಡಿಗೆ ಹೊರಡುವ ಬಸ್ಸುಗಳು, ಅಗ್ಗದ ವಸತಿಗೃಹಗಳು, ಹೊಲಿಗೆಯವರು, ಸುಟ್ಟ ಮಾಂಸ ಮಾರುವ ಹೋಟೆಲುಗಳು. ಅವುಗಳ ನಡುವೆ ಸಾಲು ಸಾಲು ರೆಕಾರ್ಡ್ ಅಂಗಡಿಗಳು. ಪ್ರತಿ ಅಂಗಡಿಯೂ ಧ್ವನಿವರ್ಧಕವನ್ನು ರಸ್ತೆಗೆ ತಿರುಗಿಸಿ ಇಡುತ್ತಿತ್ತು. ನಮ್ಮ ಗೋದಾಮಿನ ಉಸ್ತುವಾರಿ ನೋಡುತ್ತಿದ್ದ ಹಿರಿಯರು ಮುರಾಂಗದವರು, ಎಲ್ಲರೂ ಅವರನ್ನು ಗೌರವದಿಂದ ‘ಮ್ಜೇ’ ಎಂದೇ ಕರೆಯುವುದು. ವಸೂಲಿಗೆ ಅವರನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಒಂದು ಅಂಗಡಿಯ ಮುಂದೆ ನಿಂತರೆ ಹತ್ತು ನಿಮಿಷ ಕದಲುತ್ತಿರಲಿಲ್ಲ. ಏನಿದೆ ಆ ಹಾಡಿನಲ್ಲಿ ಎಂದು ಕೇಳಿದೆ. “ಲೆಕ್ಕದವರೇ, ಈ ಕಮಾರು ನಮ್ಮನ್ನೇ ಬೈಯುತ್ತಾನೆ. ಬೈಸಿಕೊಳ್ಳುವುದಕ್ಕೆ ನಾವೇ ದುಡ್ಡು ಕೊಡುತ್ತೇವೆ” ಎಂದರು. ನನ್ನ ಕಸುಬಿನವನಿಗೆ ಇದಕ್ಕಿಂತ ಕುತೂಹಲದ ವ್ಯವಹಾರ ಬೇರೆ ಇರಲಾರದು.

ಕಮಾರು ಹುಟ್ಟಿದ್ದು 1939ರಲ್ಲಿ, ಮುರಾಂಗ ಸೀಮೆಯ ಕಾಂಗೆಮಾದಲ್ಲಿ. 1952ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ಮೌ ಮೌ ಹೋರಾಟವನ್ನು ಹತ್ತಿಕ್ಕಲು ತುರ್ತು ಪರಿಸ್ಥಿತಿ ಹೇರಿದಾಗ ಅವರಿನ್ನೂ ಹುಡುಗ. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಗುಡ್ಡದ ಮೇಲಿನ ಒಂಟಿ ಮನೆಗಳಿಂದ ಎಬ್ಬಿಸಿ, ಕಂದಕ–ಬೇಲಿಗಳ ನಡುವಿನ ‘ಹೊಸ ಹಳ್ಳಿ’ಗಳಿಗೆ ತುಂಬಿದ ಕಾಲವದು. ಚರ್ಚಿನ ಕೀರ್ತನೆಗಳ ಧಾಟಿಗೆ ಹೋರಾಟದ ಮಾತು ಕೂರಿಸಿ ಜನ ಹಾಡುತ್ತಿದ್ದರು. ಕಾವಲಿನವನ ಕಿವಿಗೆ ಭಜನೆ, ತಮ್ಮವರ ಕಿವಿಗೆ ಸುದ್ದಿ. ಹಾಡಿಗೆ ಎರಡು ಹೊಟ್ಟೆ ಇರುತ್ತದೆ ಎಂಬ ಪಾಠವನ್ನು ಆ ತಲೆಮಾರಿಗೆ ಯಾವ ಶಾಲೆಯೂ ಕಲಿಸಬೇಕಾಗಿರಲಿಲ್ಲ.

1957ರಲ್ಲಿ ಕಮಾರು ಕೆಲಸ ಹುಡುಕಿಕೊಂಡು ನೈರೋಬಿಗೆ ಬಂದರು. ಸಣ್ಣಪುಟ್ಟ ಕೂಲಿ ಮಾಡಿದರು, ಗಿಟಾರ್ ಕೊಂಡರು. ಸಂಗೀತವನ್ನೇ ಕಸುಬಾಗಿ ಹಿಡಿದದ್ದು 1965ರಲ್ಲಿ, ದೇಶ ಸ್ವತಂತ್ರವಾಗಿ ಎರಡು ವರ್ಷವಾಗಿತ್ತು. 1967ರಲ್ಲಿ ತಂಗಿ ಕ್ಯಾಥರೀನ್ ಮುಥೋನಿ ಜೊತೆ ಹಾಡಿದ ‘ಸೆಲೀನಾ’ ಮನೆಮಾತಾಯಿತು. ಒಬ್ಬರು ಕೇಳುವುದು, ಇನ್ನೊಬ್ಬರು ಉತ್ತರಿಸುವುದು. ಜಗಲಿಯ ಮಾತುಕತೆಯೇ ರಾಗಕ್ಕೆ ಬಂದ ಹಾಗೆ. ಕಿಕುಯುವಿನಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಕೆಡುತ್ತದೆ. ಆದ್ದರಿಂದ ರಾಗ ಮಾತಿನ ಬೆನ್ನು ಹತ್ತಿ ನಡೆಯಬೇಕು. ಕಮಾರು ಗಾದೆಗಳ ಮೇಲೆ ಗಾದೆ ಪೇರಿಸುತ್ತಿದ್ದರು. ಸಂಗೀತದಲ್ಲಿ ಅಕಾರ್ಡಿಯನ್ ಮತ್ತು ಕಬ್ಬಿಣದ ಬಳೆಯ ತಾಳಕ್ಕೆ ಕುಣಿಯುವ ಮ್ವೊಂಬೊಕೊ ನೃತ್ಯದ ನೆನಪೂ ಇತ್ತು, ಲುವೊ ಜನರ ನಾಡಿನಿಂದ ಬಂದ ಬೆಂಗಾ ಗಿಟಾರಿನ ಓಟವೂ ಇತ್ತು.

ಈಗ ಲೆಕ್ಕಕ್ಕೆ ಬರೋಣ. 1969ರ ಜನಗಣತಿಯಲ್ಲಿ ಕೀನ್ಯಾದ ಜನಸಂಖ್ಯೆ ಸುಮಾರು 1.09 ಕೋಟಿ, ಅದರಲ್ಲಿ ಕಿಕುಯುಗಳು ಐದರಲ್ಲೊಂದು ಪಾಲು. ಎಂದರೆ ಸುಮಾರು 22 ಲಕ್ಷ ಜನ, ಅವರಲ್ಲಿ ಬಹುಪಾಲು ಸಣ್ಣ ಹಿಡುವಳಿಯ ರೈತರು. ಇಷ್ಟು ಚಿಕ್ಕ ಮಾರುಕಟ್ಟೆಯನ್ನು ನಂಬಿಕೊಂಡ ಕಮಾರು ಜೀವಮಾನದಲ್ಲಿ ಸುಮಾರು ಐದು ಲಕ್ಷ ರೆಕಾರ್ಡ್ ಮಾರಿದರು ಎನ್ನುತ್ತಾರೆ. ನಿಮಿಷಕ್ಕೆ 45 ಸುತ್ತಿನ, ಏಳು ಅಂಗುಲದ ತಟ್ಟೆಗಳು. ಒಂದು ಬದಿಗೆ ಮೂರು ನಿಮಿಷದಷ್ಟು ಹಾಡು. ಬ್ಯಾಟರಿಯಿಂದ ಓಡುವ ಒಂದು ಪ್ಲೇಯರ್ ಊರಿಗಿದ್ದರೆ ಊರೆಲ್ಲ ಗಿರಾಕಿಗಳೇ.

ಆ ತಟ್ಟೆಗಳ ಹಿಂದೆ ನಮ್ಮವರ ಕೈಯೂ ಇತ್ತು ಎಂಬುದು ಭಾರತದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಪೂರ್ವ ಆಫ್ರಿಕದ ಹಾಡುಗಳನ್ನು ರೆಕಾರ್ಡ್ ಮಾಡಿ, ಹಂಚುವ ವ್ಯಾಪಾರದಲ್ಲಿ ಅಸ್ಸಾನಂದ್, ಕೆರಿಚೊದ ಚಂದಾರಾಣಾ, ಮೆಲೊಡಿಕಾದ ದೌಡಿಯಾ ಕುಟುಂಬದಂಥ ಭಾರತ ಮೂಲದವರು ದೊಡ್ಡ ಹೆಸರುಗಳು. ಅವರಿಲ್ಲದಿದ್ದರೆ ಅನೇಕ ಹಾಡುಗಳು ತಟ್ಟೆಗೆ ಬರುತ್ತಲೇ ಇರಲಿಲ್ಲ. ಅದು ಸಣ್ಣ ಉಪಕಾರವಲ್ಲ. ಆದರೆ ಆ ಕಾಲದ ವ್ಯಾಪಾರದ ಸಾಮಾನ್ಯ ರೂಢಿ ಹಾಡುಗಾರರಿಗೆ ಅನುಕೂಲವಾಗಿರಲಿಲ್ಲ. ಒಂದು ಸಲ ಇಡಿಗಂಟು ಕೊಟ್ಟರೆ ಮುಗಿಯಿತು, ಆಮೇಲೆ ಎಷ್ಟೇ ಮಾರಾಟವಾದರೂ ಹಾಡಿದವನ ಖಾತೆಗೆ ಜಮೆ ಇಲ್ಲ. ನಮ್ಮ ಮನೆಗಳಲ್ಲಂತೂ ಆ ಹಾಡುಗಳನ್ನು ಯಾರೂ ಕೇಳುತ್ತಿರಲಿಲ್ಲ. ರೇಡಿಯೊದ ಹಿಂದುಸ್ತಾನಿ ಕಾರ್ಯಕ್ರಮದಲ್ಲಿ ಮುಕೇಶ್, ಲತಾ. ಮಾರಿದ್ದೂ ನಾವೇ, ಕಿವಿ ಮುಚ್ಚಿಕೊಂಡದ್ದೂ ನಾವೇ.

ಕಮಾರು ಈ ಸರಪಳಿಯ ಒಂದು ಕೊಂಡಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ರಿವರ್ ರೋಡ್‌ನಲ್ಲಿ ‘ಸಿಟಿ ಸೌಂಡ್ಸ್’ ಎಂಬ ಸ್ವಂತ ಅಂಗಡಿ ಇಟ್ಟರು. ಹಾಡು ಅವರದು, ಮಾರುವ ಕಟ್ಟೆಯೂ ಅವರದು. ಇದರ ಬೆಲೆ ಎಷ್ಟು ಎಂಬುದು ಸರ್ಕಾರದೊಂದಿಗೆ ಜಗಳ ಬಿದ್ದಾಗ ಗೊತ್ತಾಯಿತು.

ಮೊದಲ ಜಗಳ ಸರ್ಕಾರದೊಂದಿಗೆ ಅಲ್ಲ, ಮೇಷ್ಟ್ರುಗಳೊಂದಿಗೆ. ‘ನ್ಡಾರಿ ಯಾ ಮ್ವಾರಿಮು’ ಎಂಬುದು ಮೇಷ್ಟ್ರ ಮುದ್ದಿನ ಹುಡುಗಿಯ ಹಾಡು. ಶಾಲೆಯಲ್ಲಿ ಹೆಣ್ಣುಮಕ್ಕಳ ಮೇಲೆ ಕಣ್ಣು ಹಾಕುವ ಶಿಕ್ಷಕರ ಬಗ್ಗೆ. ಹೊಸದಾಗಿ ಸ್ವತಂತ್ರವಾದ ದೇಶದಲ್ಲಿ ಶಿಕ್ಷಕನೆಂದರೆ ದೇವರ ನಂತರದ ಸ್ಥಾನ. ಜಮೀನು ಅಡವಿಟ್ಟು ಮಗಳನ್ನು ಶಾಲೆಗೆ ಕಳಿಸಿದ ಅಪ್ಪ ಬಾಯಿ ಬಿಡಲಾರ, ಹುಡುಗಿ ಹೇಳಲಾರಳು. ಹಾಡು ಹೇಳಿತು. ಶಿಕ್ಷಕರ ಸಂಘ ಸಿಡಿದೆದ್ದು ಮುಷ್ಕರದ ಮಾತಾಡಿತು. ಇಂದು ಇಂಥ ದೂರು ಕೊಡಲು ಕಾನೂನಿದೆ, ಸಹಾಯವಾಣಿಯಿದೆ. ಆಗ ಮೂರು ನಿಮಿಷದ ತಟ್ಟೆಯೇ ದೂರುಪತ್ರ. ಅದೂ ಕಾಂಗೆಮಾದ ಅಜ್ಜಿಗೆ ಅರ್ಥವಾಗುವ ಭಾಷೆಯಲ್ಲಿ.

ಎರಡನೆಯದು ಪ್ರಾಣದ ಮೇಲೆ ಬರಬಹುದಾಗಿದ್ದ ಜಗಳ. ಜೆ.ಎಂ. ಕರಿಯುಕಿ ಜನಪ್ರಿಯ ಸಂಸದ, ಮೌ ಮೌ ಕಾಲದಲ್ಲಿ ಸೆರೆಶಿಬಿರ ಕಂಡವರು. ಹತ್ತು ಕೋಟ್ಯಧೀಶರ, ಒಂದು ಕೋಟಿ ಭಿಕ್ಷುಕರ ಕೀನ್ಯಾ ತನಗೆ ಬೇಡ ಎಂದು ಬಹಿರಂಗವಾಗಿ ಹೇಳುತ್ತಿದ್ದವರು. 1975ರ ಮಾರ್ಚ್ 2ರಂದು ನೈರೋಬಿಯ ನಡುಪೇಟೆಯಿಂದ ಕಾಣೆಯಾದರು. ಅವರ ಶವ ಗೊಂಗ್ ಬೆಟ್ಟಗಳಲ್ಲಿ ಸಿಕ್ಕಿತು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿ ವರದಿ ಕೊಟ್ಟಿತು, ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಅಧ್ಯಕ್ಷ ಜೋಮೊ ಕೆನ್ಯಾಟ ಕಿಕುಯು, ಕೊಲೆಯಾದವರು ಕಿಕುಯು, ಹಾಡುಗಾರ ಕಿಕುಯು. ಕಮಾರು ಅಲ್ಲಿಯತನಕ ಕೆನ್ಯಾಟರಿಗೆ ಬೇಕಾದವರಾಗಿದ್ದರು. ಆದರೂ ಕೊಲೆಯನ್ನು ಖಂಡಿಸಿ ಹಾಡು ಬಿಟ್ಟರು. ಸರ್ಕಾರಿ ರೇಡಿಯೊ ಅದಕ್ಕೆ ಬಾಗಿಲು ಮುಚ್ಚಿತು, ಅರಮನೆಯ ಸ್ನೇಹವೂ ಮುಗಿಯಿತು.

ಅಂಗಡಿಯ ಮಹತ್ವ ಇಲ್ಲಿದೆ. ಬಾನುಲಿಯನ್ನೇ ನಂಬಿ ಬದುಕುವ ಹಾಡುಗಾರನಿಗೆ ಬಾನುಲಿ ಬಾಗಿಲು ಹಾಕಿದರೆ ಕಥೆ ಮುಗಿದಂತೆ. ಕಮಾರುಗೆ ರಿವರ್ ರೋಡ್ ಇತ್ತು. ತಟ್ಟೆ ಅಲ್ಲಿಂದ ಮೇಲ್ನಾಡಿನ ಬಸ್ಸು ಹತ್ತುತ್ತಿತ್ತು. ಎರಡು ವರ್ಷಗಳ ನಂತರ, 1977ರಲ್ಲಿ, ಕಮಿರಿಥು ಹಳ್ಳಿಯ ಬಯಲು ರಂಗದಲ್ಲಿ ಗೂಗಿಯವರ ಕಿಕುಯು ನಾಟಕಕ್ಕೆ ಜನ ಕಿಕ್ಕಿರಿದರು. ಸರ್ಕಾರ ಅದನ್ನು ನಿಲ್ಲಿಸಿತು, ವರ್ಷದ ಕೊನೆಯ ದಿನ ಅವರನ್ನು ಬಂಧಿಸಿತು, 1982ರಲ್ಲಿ ಆ ರಂಗಮಂದಿರವನ್ನೇ ನೆಲಸಮ ಮಾಡಿತು. ಜೈಲಿನಲ್ಲಿ ಬರೆದ ಕಾದಂಬರಿ 1980ರಲ್ಲಿ ಬಂದಾಗ ಬಾರುಗಳಲ್ಲಿ, ಬಸ್ಸುಗಳಲ್ಲಿ ಒಬ್ಬ ಓದಿ ಹತ್ತು ಜನ ಕೇಳಿದರು. ಆ ಕಾದಂಬರಿಯ ಕಥೆ ಹೇಳುವವನು ಯಾರು? ಗಿಚಾಂಡಿ ನುಡಿಸುವ ಸಾಂಪ್ರದಾಯಿಕ ಹಾಡುಗಾರ. ಕಿಕುಯು ಜನ ಹೊಸ ಕಾಲದ ಕಥೆಯನ್ನು ಯಾರ ಬಾಯಿಂದ ಕೇಳಲು ಹೊಂದಿಕೊಂಡಿದ್ದಾರೆ ಎಂಬುದು ಗೂಗಿಗೆ ಗೊತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಕಮಾರು ಒಬ್ಬ ಬಂಡಾಯಗಾರ, ನಮಗೂ ಸಮಾಧಾನ. ಆದರೆ ಅವರು ಅಷ್ಟು ಅಚ್ಚುಕಟ್ಟಾದ ಮನುಷ್ಯರಾಗಿರಲಿಲ್ಲ. 1978ರಲ್ಲಿ ಕೆನ್ಯಾಟ ತೀರಿಕೊಂಡು ಡ್ಯಾನಿಯಲ್ ಅರಾಪ್ ಮೋಯಿ ಅಧ್ಯಕ್ಷರಾದರು. 1980ರಲ್ಲಿ ಅವರು ಜಪಾನ್‌ಗೆ ಹೋದಾಗ ನಿಯೋಗದಲ್ಲಿ ಕಮಾರು ಇದ್ದರು. ಮರಳಿ ಬಂದು ‘ಸಫಾರಿ ಯಾ ಜಪಾನ್’ ಹಾಡಿದರು, ಅದರಲ್ಲಿ ಮೋಯಿ ಸ್ತುತಿ. ಎರಡು ವರ್ಷದಲ್ಲಿ ಅದೇ ಮೋಯಿ ಕಾನೂನು ಮಾಡಿ ಏಕಪಕ್ಷದ ಆಡಳಿತ ತಂದರು. ಎಂಬತ್ತರ ದಶಕದ ಕೊನೆಗೆ ಕಮಾರು ಬಹುಪಕ್ಷ ಪದ್ಧತಿಯ ಪರ ನಿಂತು ಮೋಯಿಯವರ ಕಣ್ಣಿಗೆ ಕಸವಾದರು. ಇದರ ನಡುವೆ ಕ್ಲಬ್ಬುಗಳಲ್ಲಿ ‘ವಯಸ್ಕರಿಗೆ ಮಾತ್ರ’ ಎಂಬ ಹಾಡಿನ ರಾತ್ರಿಗಳು, ತುಂಬಿದ ಸಭಾಂಗಣಗಳು. ಮೇಷ್ಟ್ರುಗಳ ನೀತಿ ತಿದ್ದಿದವರೇ ಇವರು! ಮ್ಜೇ ಅವರಿಗೆ ಈ ವಿಷಯದಲ್ಲಿ ಮುಜುಗರವಿತ್ತು. ನಾನು ಕೆದಕಿದರೆ ದಾಸ್ತಾನು ಪುಸ್ತಕ ತೆರೆದು ಕೂರುತ್ತಿದ್ದರು.

ನನಗೆ ಇದರಲ್ಲಿ ಮುಜುಗರ ಕಾಣುವುದಿಲ್ಲ. ಅಧಿಕಾರದ ಪಕ್ಕ ಒಮ್ಮೆ ಕೂತು, ಇನ್ನೊಮ್ಮೆ ಎದ್ದು ಬಂದವರನ್ನು ಅವಕಾಶವಾದಿ ಎಂದು ತಳ್ಳಿಬಿಡುವುದು ಸುಲಭ. ಎದ್ದು ಬರಲು ಅವರಿಗೆ ಎಲ್ಲಿಂದ ಶಕ್ತಿ ಬಂತು ಎಂದು ಕೇಳುವುದು ಹೆಚ್ಚು ಉಪಯುಕ್ತ. ಆಸ್ಥಾನ ಕವಿಗೆ ಹಾಗೆ ಎದ್ದು ಬರಲಾಗದು, ಊಟ ಅಲ್ಲಿಯೇ ಬಡಿಸುತ್ತಾರೆ. ಕಮಾರು ಅವರ ಊಟ ಬರುತ್ತಿದ್ದದ್ದು ಅಂಗಡಿಗೆ ಬಂದ ಗಿರಾಕಿಯಿಂದ. ಮೋಯಿಯನ್ನು ಹೊಗಳುವುದೂ ಅವರ ಆಯ್ಕೆಯಾಗಿತ್ತು, ಬಿಡುವುದೂ ಅವರ ಆಯ್ಕೆಯಾಗಿತ್ತು. ಹೊಗಳಿದ್ದನ್ನು ನಾನು ಮೆಚ್ಚುವುದಿಲ್ಲ; ಬಿಡಬಲ್ಲವರಾಗಿದ್ದರು ಎಂಬುದನ್ನು ಮೆಚ್ಚುತ್ತೇನೆ.

1990ರ ನೈರೋಬಿ ನೆನಪಿದೆ. ಮೇ ತಿಂಗಳಲ್ಲಿ ಮುವೊರೊಟೊ ಕೊಳೆಗೇರಿಯನ್ನು ಬುಲ್ಡೋಜರ್ ನೆಲಕ್ಕೆ ಉರುಳಿಸಿತು. ಜುಲೈ 7ರಂದು ಬಹುಪಕ್ಷ ಪದ್ಧತಿಗಾಗಿ ಜನ ಬೀದಿಗಿಳಿದರು. ಆಗಿನ ಪತ್ರಿಕೆಗಳು ಹೇಳಲಾಗದ್ದನ್ನು ಕಿಕುಯು ಕ್ಯಾಸೆಟ್ಟುಗಳು ಹೇಳಿದವು. ಕಮಾರು ಅವರ ‘ಮಹೋಯಾ ಮಾ ಬುರೂರಿ’, ಎಂದರೆ ನಾಡಿಗಾಗಿ ಪ್ರಾರ್ಥನೆ, ಅವುಗಳಲ್ಲಿ ಒಂದು. ಹೆಸರಿಗೆ ಪ್ರಾರ್ಥನೆ, ಒಳಗೆ ದೂರು. ಮೌ ಮೌ ಕಾಲದ ಹಳೆಯ ವಿದ್ಯೆ. ಮಟಾಟು ಎಂಬ ಖಾಸಗಿ ವ್ಯಾನುಗಳಲ್ಲಿ ಅವು ಮೊಳಗುತ್ತಿದ್ದವು, ಪೊಲೀಸರನ್ನು ಕಂಡರೆ ಡ್ರೈವರು ಗುಂಡಿ ಒತ್ತಿ ಜಿಮ್ ರೀವ್ಸ್ ಹಾಕುತ್ತಿದ್ದ. ಕ್ಯಾಸೆಟ್ ಮಾರಿದ ಬೀದಿ ವ್ಯಾಪಾರಿಗಳನ್ನೇ ಪೊಲೀಸರು ಹಿಡಿದರು. ಸರ್ಕಾರವೊಂದು ಕ್ಯಾಸೆಟ್ಟಿಗೆ ಹೆದರುತ್ತದೆ ಎಂದರೆ ಅದರ ಬೆಲೆ ಏನು ಎಂದು ಯೋಚಿಸಿ. 1991ರ ಡಿಸೆಂಬರ್‌ನಲ್ಲಿ ಏಕಪಕ್ಷದ ಕಾನೂನು ರದ್ದಾಯಿತು.

ಆಮೇಲೆ ಕಮಾರು ಎಲ್ಲರನ್ನೂ ಬೆಚ್ಚಿಬೀಳಿಸಿದರು. 1993ರಲ್ಲಿ ತಾನು ಮರುಹುಟ್ಟು ಪಡೆದ ಕ್ರೈಸ್ತ ಎಂದು ಸಾರಿ, ‘ಕಮಾರು ಸೂಪರ್ ಸ್ಟಾರ್ಸ್’ ವಾದ್ಯವೃಂದವನ್ನು ವಿಸರ್ಜಿಸಿ, ‘ಕಮಾರು ಸೆಲೆಸ್ಟಿಯಲ್ಸ್’ ಎಂಬ ಭಕ್ತಿಗೀತೆಯ ತಂಡ ಕಟ್ಟಿದರು. ಮಾರಾಟ ಕುಸಿಯಿತು. ಗಿರಾಕಿ ಕೂಡ ಒಬ್ಬ ಯಜಮಾನನೇ, ಮುನಿಸಿಕೊಂಡರೆ ಅವನೂ ಕನಿಕರ ತೋರಿಸುವುದಿಲ್ಲ. ಮಾರುಕಟ್ಟೆಯೇ ಸ್ವಾತಂತ್ರ್ಯ ಎಂದು ನಾನು ಹೇಳುತ್ತಿಲ್ಲ. ಒಂದೇ ಯಜಮಾನನಿಗಿಂತ ಸಾವಿರ ಯಜಮಾನರು ವಾಸಿ ಎನ್ನುತ್ತಿದ್ದೇನೆ.

ನನ್ನ ವಾದಕ್ಕೆ ಇನ್ನೂ ಗಟ್ಟಿಯಾದ ಆಕ್ಷೇಪಣೆಯೊಂದಿದೆ. ಕಿಕುಯು ಸ್ವತಂತ್ರ ಕೀನ್ಯಾದ ಮೊದಲ ಅಧ್ಯಕ್ಷರ ಭಾಷೆ, ಅವರ ಸುತ್ತ ಕೂತ ಗುಂಪಿನ ಭಾಷೆ. ನಲವತ್ತಕ್ಕೂ ಹೆಚ್ಚು ಸಮುದಾಯಗಳಿರುವ ದೇಶದಲ್ಲಿ ಒಂದು ಸಮುದಾಯದ ಹಾಡು ಇನ್ನೊಂದಕ್ಕೆ ಸವಾಲಾಗಿ ಕೇಳಬಹುದು. 2007ರ ಚುನಾವಣೆಯ ನಂತರದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಮುದಾಯ ಭಾಷೆಗಳ ಕೆಲವು ರೇಡಿಯೊಗಳು ದ್ವೇಷ ಹಬ್ಬಿಸಿದವು ಎಂದು ತನಿಖಾ ಆಯೋಗ ಹೇಳಿತು. ಈ ಮಾತನ್ನು ತಳ್ಳಿಹಾಕಲಾಗದು. ತಾಯ್ನುಡಿಗೆ ತಾನಾಗಿಯೇ ಒಳ್ಳೆಯ ನಡತೆ ಬರುವುದಿಲ್ಲ. ಕಮಾರು ಅವರ ಉತ್ತಮ ಹಾಡುಗಳನ್ನು ಎತ್ತಿ ಹಿಡಿಯಲು ನನಗಿರುವ ಕಾರಣವೂ ಇದೇ. ಅವು ತಮ್ಮವರನ್ನೇ ತರಾಟೆಗೆ ತೆಗೆದುಕೊಂಡವು: ತಮ್ಮ ಊರಿನ ಮೇಷ್ಟ್ರು, ತಮ್ಮದೇ ಸಮುದಾಯದ ಅಧ್ಯಕ್ಷ. ನೆರೆಯವನನ್ನು ಬೈಯಲು ಭಾಷೆ ಬಳಸುವವನಿಗೂ ತನ್ನ ಮನೆಯವರನ್ನು ಬೈಯಲು ಬಳಸುವವನಿಗೂ ಅಂತರವಿದೆ.

2000ದಲ್ಲಿ ಕಮೆಮೆ ಎಫ್.ಎಂ. ಕಿಕುಯು ಪ್ರಸಾರ ಶುರುಮಾಡಿತು. ಒಂದು ಕಾಲಕ್ಕೆ ಬಾಗಿಲು ಮುಚ್ಚಿದ್ದ ಬಾನುಲಿಯಲ್ಲಿ ಈಗ ಇಪ್ಪತ್ನಾಲ್ಕು ಗಂಟೆ ಕಿಕುಯು. ವಿಪರ್ಯಾಸವೆಂದರೆ, ಅದೇ ಕಾಲಕ್ಕೆ ಹಾಡುಗಾರರ ಗಲ್ಲಾಪೆಟ್ಟಿಗೆ ಬರಿದಾಗತೊಡಗಿತ್ತು. ಕ್ಯಾಸೆಟ್ ನಕಲು ಮಾಡುವವರು, ನಂತರ ಸಿ.ಡಿ. ನಕಲು ಮಾಡುವವರು ರಿವರ್ ರೋಡ್‌ನ ವ್ಯಾಪಾರವನ್ನು ಒಳಗಿನಿಂದಲೇ ತಿಂದುಹಾಕಿದರು. ಹಾಡು ಎಲ್ಲೆಡೆ ಕೇಳುತ್ತಿತ್ತು, ಜಮೆ ಎಲ್ಲೂ ಕಾಣುತ್ತಿರಲಿಲ್ಲ. 2018ರ ಅಕ್ಟೋಬರ್ 3ರಂದು ಕಮಾರು ನೈರೋಬಿಯಲ್ಲಿ ತೀರಿಕೊಂಡರು. ಅವರದೇ ಹೆಸರಿನ ಮೊಮ್ಮಗ ‘ಕೆಎಂಆರ್‌ಯು’ ಎಂಬ ಹೆಸರಿನಿಂದ ಜಗತ್ತು ಬಲ್ಲ ಧ್ವನಿ ಕಲಾವಿದ. ಆತ ಅಜ್ಜನ ಹಳೆಯ ಮುದ್ರಣಗಳನ್ನು ಶುಚಿಗೊಳಿಸಿ ಅಂತರ್ಜಾಲದಲ್ಲಿ ಮತ್ತೆ ಮಾರಾಟಕ್ಕಿಟ್ಟಿದ್ದಾರೆ. ಹಕ್ಕು ಮನೆಯೊಳಗೇ ಉಳಿದಿದ್ದರಿಂದ ಇದು ಸಾಧ್ಯವಾಯಿತು ಎಂಬುದನ್ನು ಗಮನಿಸಿ.

ಕನ್ನಡದಲ್ಲಿ ಗೂಗಿಯವರನ್ನು ಓದಿ ಭಾಷಣ ಮಾಡುವ ನಾವು ಈ ಅರ್ಧ ಕಥೆಯನ್ನೂ ಕಲಿಯಬೇಕಿದೆ. ನಮ್ಮಲ್ಲಿ ಜನಪದ ಕಲಾವಿದರಿಗೆ ಶಾಲು, ಹಣ್ಣಿನ ಬುಟ್ಟಿ, ಮಾಸಾಶನಗಳಿಗೆ ಕೊರತೆಯಿಲ್ಲ. ಅವರು ಹಾಡಿದ ಧ್ವನಿಮುದ್ರಣದ ಹಕ್ಕು ಯಾರಲ್ಲಿದೆ, ಯೂಟ್ಯೂಬ್‌ನಲ್ಲಿ ಅದು ಓಡಿದರೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಸನ್ಮಾನದ ವೇದಿಕೆಯಲ್ಲಿ ಯಾರೂ ಕೇಳುವುದಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ ಗೌರವಧನದ ಹಕ್ಕನ್ನು ಬಲಪಡಿಸಿದೆ. ಆ ಕಾನೂನನ್ನು ಹಳ್ಳಿಯ ಹಾಡುಗಾರ್ತಿಯ ಮನೆಬಾಗಿಲಿಗೆ ಒಯ್ಯುವ ಕೆಲಸ ಸಂಸ್ಕೃತಿ ಇಲಾಖೆಯದು, ಅಕಾಡೆಮಿಗಳದು. ಮುಂದಿನ ವರ್ಷ ಪ್ರಶಸ್ತಿ ಕೊಡುವ ಮೊದಲು ಪ್ರತಿ ಕಲಾವಿದರ ಹಳೆಯ ಕರಾರುಪತ್ರವನ್ನು ಒಬ್ಬ ವಕೀಲ, ಒಬ್ಬ ಲೆಕ್ಕಿಗ ಕೂತು ಓದಲಿ. ಬಾಕಿ ಇದ್ದರೆ ವಸೂಲಿ ಮಾಡಿಕೊಡಲಿ. ಆ ಕೆಲಸಕ್ಕೆ ಕರೆದರೆ ಸಂಬಳವಿಲ್ಲದೆ ಬರುವ ನಿವೃತ್ತ ಲೆಕ್ಕಿಗರು ಊರೂರಲ್ಲಿ ಸಿಗುತ್ತಾರೆ. ಮೊದಲ ಹೆಸರು ನನ್ನದು ಬರೆದುಕೊಳ್ಳಿ.